ಗೋಡೆಯ ಮೇಲಿನ ಫೋಟೋಗೆ ಲಕ್ಷ ಯಾಕೆ? ಕಲಾ ಛಾಯಾಗ್ರಾಹಕರ ವೃತ್ತಿ ನಡೆಯುವ ಬಗೆ

ಪಿಯುಸಿ ರಿಸಲ್ಟ್ ಬಂದಾಗ ದಕ್ಷಿಣ ಕನ್ನಡ ಮತ್ತು ಉಡುಪಿ ಸಾಮಾನ್ಯವಾಗಿ ಪಟ್ಟಿಯ ಮೇಲ್ತುದಿಯಲ್ಲೇ ಇರುತ್ತವೆ. ಯಾವುದು ಮೊದಲು, ಯಾವುದು ಎರಡನೆಯದು ಅನ್ನುವುದಷ್ಟೇ ಬದಲಾಗುತ್ತದೆ. ಆಮೇಲೆ ಮನೆಮನೆಯಲ್ಲೂ ಸಿಇಟಿ, ನೀಟ್, ಸೀಟು, ಹಾಸ್ಟೆಲ್ ಮಾತು. ಈಚೆಗೆ ಕೆಲವು ಮನೆಗಳಲ್ಲಿ ಇನ್ನೊಂದು ಮಾತೂ ಶುರುವಾಗಿದೆ. ಕ್ಯಾಮೆರಾ ಹಿಡಿದು ಓಡಾಡುವ ಮಗಳು "ನಾನು ಫೋಟೋಗ್ರಫಿ ಮಾಡ್ತೇನೆ" ಅನ್ನುತ್ತಾಳೆ. "ಸ್ಟುಡಿಯೋ ಹಾಕ್ತೀಯಾ?" ಅಂತ ಅಪ್ಪ ಕೇಳಿದರೆ, "ಅಲ್ಲಪ್ಪ, ಆರ್ಟ್ ಫೋಟೋಗ್ರಫಿ" ಅಂತ ಉತ್ತರ. ಅಪ್ಪನ ಮುಂದಿನ ಪ್ರಶ್ನೆ ಎಲ್ಲರಿಗೂ ಗೊತ್ತಿರುವುದೇ: "ಅದರಲ್ಲಿ ಊಟಕ್ಕೆ ದಾರಿ ಉಂಟಾ?"

ನ್ಯಾಯವಾದ ಪ್ರಶ್ನೆ. ಡಾಕ್ಟರಾಗುವ ದಾರಿ ಎಷ್ಟು ವರ್ಷದ್ದು, ಎಷ್ಟು ಖರ್ಚಿನದು ಅಂತ ಪಕ್ಕದ ಮನೆಯವರೂ ಹೇಳಬಲ್ಲರು. ಕಲಾ ಛಾಯಾಗ್ರಾಹಕರು ಏನು ಮಾಡುತ್ತಾರೆ, ಅವರಿಗೆ ದುಡ್ಡು ಯಾರು ಕೊಡುತ್ತಾರೆ, ಯಾಕೆ ಕೊಡುತ್ತಾರೆ ಅಂತ ಹೇಳುವವರು ಸುತ್ತಮುತ್ತ ಸಿಗುವುದು ಕಷ್ಟ. ಈ ವೃತ್ತಿಯ ಒಳಗೆ ಏನಿದೆ ಅಂತ ಬುಡದಿಂದ ನೋಡೋಣ.

ಕ್ಯಾಮೆರಾ ಒಂದೇ, ಕೆಲಸ ನಾಲ್ಕು

ನಮ್ಮ ಕಡೆ ಫೋಟೋಗ್ರಾಫರ್ ಅಂದರೆ ಮೊದಲು ನೆನಪಾಗುವುದು ಮದುವೆ. ಮೆಹೆಂದಿ, ರೋಸ್, ಉಪನಯನ, ಗೃಹಪ್ರವೇಶ, ಕೊನೆಗೆ ದಪ್ಪ ಆಲ್ಬಂ. ಇಲ್ಲಿ ಏನು ತೆಗೆಯಬೇಕು ಅಂತ ಹೇಳುವವರು ಗಿರಾಕಿಗಳು. ದುಡ್ಡು ಕೊಡುವವರೂ ಅವರೇ. ಹೋಟೆಲ್, ಒಡವೆ ಅಂಗಡಿ, ಕಾಲೇಜು ಬ್ರೋಷರ್‌ನ ಕೆಲಸವೂ ಇದೇ ಜಾತಿಯದು.

ಎರಡನೆಯದು ಪತ್ರಿಕೆಯ ಕೆಲಸ. ನಡೆದದ್ದನ್ನು ನಡೆದ ಹಾಗೆ ತೋರಿಸಬೇಕು, ಅದೂ ಪುಟ ಮುಗಿಯುವ ಹೊತ್ತಿಗೆ.

ಮೂರನೆಯದು ಸ್ಪರ್ಧೆಯ ಲೋಕ. ಕರಾವಳಿಯಲ್ಲಿ ಇದು ಬಹಳ ಗಟ್ಟಿಯಾಗಿ ಬೆಳೆದಿದೆ. ಸೌತ್ ಕೆನರಾ ಫೋಟೋಗ್ರಾಫರ್ಸ್ ಅಸೋಸಿಯೇಷನ್‌ನಂಥ ಸಂಘಗಳಿವೆ. ಕಂಬಳದ ಕೆಸರು ಚಿಮ್ಮುವ ಚಿತ್ರ, ಮಲ್ಪೆಯ ದೋಣಿ, ಯಕ್ಷಗಾನದ ಕಿರೀಟ ಎಲ್ಲವೂ ದೇಶವಿದೇಶದ ಸಲೂನ್‌ಗಳಿಗೆ, ಅಂದರೆ ಸ್ಪರ್ಧಾ ಪ್ರದರ್ಶನಗಳಿಗೆ, ಹೋಗುತ್ತವೆ. ಅಲ್ಲಿ ಆಯ್ಕೆಯಾದ ಚಿತ್ರಗಳ ಲೆಕ್ಕ ಹಿಡಿದು ಫಿಯಾಪ್ ಅನ್ನುವ ಅಂತರರಾಷ್ಟ್ರೀಯ ಒಕ್ಕೂಟ ಎಎಫ್‌ಐಎಪಿ, ಇಎಫ್‌ಐಎಪಿ ಅಂತ ಬಿರುದು ಕೊಡುತ್ತದೆ. ಹೆಸರಿನ ಮುಂದೆ ಆ ಅಕ್ಷರಗಳನ್ನು ಹಾಕಿಕೊಂಡವರು ನಮ್ಮಲ್ಲಿ ಕಮ್ಮಿಯೇನಿಲ್ಲ. ಅದರ ಹಿಂದೆ ತುಂಬಾ ಶ್ರಮ ಇದೆ.

ನಾಲ್ಕನೆಯದೇ ಇಲ್ಲಿಯ ವಿಷಯ, ಸಮಕಾಲೀನ ಕಲಾ ಛಾಯಾಗ್ರಹಣ. ಇಲ್ಲಿ ಗಿರಾಕಿ ಇಲ್ಲ, ಸಂಪಾದಕ ಇಲ್ಲ, ಅಂಕ ಕೊಡುವ ತೀರ್ಪುಗಾರರೂ ಇಲ್ಲ. ಏನು ತೆಗೆಯಬೇಕು, ಎಷ್ಟು ವರ್ಷ ತೆಗೆಯಬೇಕು, ಯಾವ ರೂಪದಲ್ಲಿ ತೋರಿಸಬೇಕು ಅನ್ನುವುದನ್ನೆಲ್ಲ ಕಲಾವಿದರೇ ತೀರ್ಮಾನಿಸುತ್ತಾರೆ. ಚಿತ್ರ ಕೊನೆಗೆ ಹೋಗಿ ಸೇರುವುದು ಗ್ಯಾಲರಿ, ಮ್ಯೂಸಿಯಂ ಅಥವಾ ಪುಸ್ತಕಕ್ಕೆ.

ಮೂರನೆಯದಕ್ಕೂ ನಾಲ್ಕನೆಯದಕ್ಕೂ ಗೊಂದಲ ಜಾಸ್ತಿ. ಇಷ್ಟು ಮೆಡಲ್ ಬಂದಿದೆ, ಇನ್ನು ದೊಡ್ಡ ಗ್ಯಾಲರಿಯವರು ಕರೆಯಬೇಕಲ್ಲ ಅಂತ ಅನಿಸುವುದು ಸಹಜ. ಆದರೆ ಗ್ಯಾಲರಿಯವರು ಸಲೂನ್ ಬಿರುದನ್ನು ಸಾಮಾನ್ಯವಾಗಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದು ಕೀಳು ಅಂತಲ್ಲ, ಅವರು ಹುಡುಕುವುದೇ ಬೇರೆ.

ಅವರು ಹುಡುಕುವುದು ಏನನ್ನು?

ಹುಲಿವೇಷದ ಉದಾಹರಣೆ ತೆಗೆದುಕೊಳ್ಳೋಣ. ಅಷ್ಟಮಿಗೆ ಉಡುಪಿಯಲ್ಲಿ, ನವರಾತ್ರಿಗೆ ಮಂಗಳೂರಿನಲ್ಲಿ ಸಾವಿರ ಕ್ಯಾಮೆರಾಗಳು ಹುಲಿಗಳ ಹಿಂದೆ ಓಡುತ್ತವೆ. ಗಾಳಿಯಲ್ಲಿ ಪಲ್ಟಿ ಹೊಡೆಯುವ ಹುಲಿ, ಹಿಂದೆ ತಾಸೆಯವರು, ಬೆಳಕು ಸರಿಯಾಗಿ ಬಿದ್ದರೆ ಒಳ್ಳೆಯ ಸ್ಪರ್ಧಾಚಿತ್ರ. ಅದನ್ನು ನೋಡಿದ ಕೂಡಲೇ "ಆಹಾ" ಅನಿಸಬೇಕು. ತೀರ್ಪುಗಾರರ ಕೈಯಲ್ಲಿ ಕೆಲವು ಸೆಕೆಂಡ್‌ಗಳಷ್ಟೇ ಇರುತ್ತವೆ.

ಈಗ ಇನ್ನೊಬ್ಬ ಹುಡುಗಿ ಕುಣಿತವನ್ನು ತೆಗೆಯುವುದೇ ಇಲ್ಲ ಅಂದುಕೊಳ್ಳಿ. ಅವಳು ಪ್ರತಿ ವರ್ಷ ಕುಣಿತ ಮುಗಿದ ಮೇಲೆ ಹೋಗುತ್ತಾಳೆ. ಬಣ್ಣ ತಿಕ್ಕಿ ತೆಗೆಯುವುದು, ಸೀಮೆ ಎಣ್ಣೆಯ ಡಬ್ಬ, ಉರಿಯುವ ಚರ್ಮ, ಮರುದಿನ ಕೆಲಸಕ್ಕೆ ಹೊರಟವನ ಕಿವಿಯ ಹಿಂದೆ ಉಳಿದ ಹಳದಿ. ಹತ್ತು ವರ್ಷ ಅದೇ ಕೆಲವರ ಮನೆಗೆ ಹೋಗುತ್ತಾಳೆ. ಹುಡುಗರು ಗಂಡಸರಾಗುತ್ತಾರೆ, ಒಬ್ಬ ದುಬೈಗೆ ಹೋಗುತ್ತಾನೆ, ಅವನ ತಮ್ಮ ವೇಷ ಹಾಕುತ್ತಾನೆ. ಬಿಡಿಯಾಗಿ ನೋಡಿದರೆ ಕೆಲವು ಫೋಟೋಗಳು ಸಪ್ಪೆ. ಎಲ್ಲ ಸೇರಿದಾಗ ಹಬ್ಬ, ದುಡಿಮೆ, ಮೈ, ಹಣ ಎಲ್ಲದರ ಬಗ್ಗೆ ಏನೋ ಹೇಳುತ್ತವೆ.

ಹೀಗೆ ಒಂದೇ ಪ್ರಶ್ನೆಯ ಬೆನ್ನು ಹತ್ತಿ ವರ್ಷಗಟ್ಟಲೆ ಮಾಡಿದ ಚಿತ್ರಗಳ ಗುಂಪನ್ನು ಸರಣಿ ಅನ್ನುತ್ತಾರೆ. ಕಲಾ ಛಾಯಾಗ್ರಾಹಕರ ಬಂಡವಾಳ ಈ ಸರಣಿಗಳೇ. ಗ್ಯಾಲರಿಯವರು "ನಿಮ್ಮ ಬೆಸ್ಟ್ ಫೋಟೋ ತೋರಿಸಿ" ಅನ್ನುವುದಿಲ್ಲ. "ಏನು ಮಾಡುತ್ತಾ ಇದ್ದೀರಿ?" ಅಂತ ಕೇಳುತ್ತಾರೆ.

ಇದರ ಹೆಸರಾಂತ ಉದಾಹರಣೆ ಜರ್ಮನಿಯ ಬೆರ್ನ್ಡ್ ಮತ್ತು ಹಿಲ್ಲಾ ಬೆಹರ್ ದಂಪತಿ. ನೀರಿನ ಟ್ಯಾಂಕ್, ಕುಲುಮೆ, ಗಣಿಯ ಗೋಪುರ ಇಂಥವನ್ನೇ ದಶಕಗಳ ಕಾಲ ಕಪ್ಪು-ಬಿಳುಪಿನಲ್ಲಿ ತೆಗೆದರು. ಎಲ್ಲವೂ ಒಂದೇ ಕೋನ, ಒಂದೇ ಬಗೆಯ ಮೋಡದ ಬೆಳಕು. ಒಂದು ಟ್ಯಾಂಕ್ ನೋಡಿದರೆ ಇದರಲ್ಲೇನಿದೆ ಅನಿಸುತ್ತದೆ. ಒಂಬತ್ತನ್ನು ಸಾಲಾಗಿ ಜೋಡಿಸಿದಾಗ ಒಂದರ ಹಾಗೆ ಇನ್ನೊಂದಿಲ್ಲ ಅಂತ ಕಣ್ಣಿಗೆ ಹೊಳೆಯುತ್ತದೆ. 1990ರ ವೆನಿಸ್ ಬಿನಾಲೆಯಲ್ಲಿ, ಅಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾ ಪ್ರದರ್ಶನದಲ್ಲಿ, ಅವರಿಗೆ ಸಿಕ್ಕ ಬಹುಮಾನ ಶಿಲ್ಪಕಲೆಗೆ ಇದ್ದದ್ದು, ಫೋಟೋಗ್ರಫಿಗಲ್ಲ! ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 19ನೇ ಶತಮಾನದಲ್ಲಿ ಶುರುಮಾಡಿದ ಹೆಂಚಿನ ಉದ್ಯಮದ ಚಿಮಣಿಗಳು ಒಂದೊಂದಾಗಿ ಇಲ್ಲವಾಗುತ್ತಿರುವ ನಮ್ಮ ಊರಲ್ಲಿ ಇದನ್ನು ಓದುವಾಗ ಸ್ವಲ್ಪ ಹೊಟ್ಟೆ ಉರಿಯುತ್ತದೆ, ಅಲ್ವಾ?

ಸರಣಿ ಅಂದರೆ ಬೀದಿಗಿಳಿದು ತೆಗೆದದ್ದೇ ಆಗಬೇಕಿಲ್ಲ. ಬೆಂಗಳೂರಿನ ಪುಷ್ಪಮಾಲಾ ಎನ್. ಮೊದಲು ಶಿಲ್ಪಿಯಾಗಿದ್ದವರು. 1990ರ ದಶಕದ ನಡುವಿನಲ್ಲಿ ಕ್ಯಾಮೆರಾದ ಮುಂದೆ ತಾವೇ ವೇಷ ಹಾಕಿ ನಿಲ್ಲತೊಡಗಿದರು. ಆಮೇಲೆ 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜತೆ ದಕ್ಷಿಣ ಭಾರತದ ಹೆಂಗಸರ ಬಗ್ಗೆ ದೊಡ್ಡ ಸರಣಿ ಮಾಡಿದರು. ರವಿವರ್ಮನ ಲಕ್ಷ್ಮಿ, ಪೊಲೀಸ್ ಫೈಲಿನ ಫೋಟೋ, ಬ್ರಿಟಿಷರ ಕಾಲದ ಮಾನವಶಾಸ್ತ್ರದ ಚಿತ್ರ ಎಲ್ಲದರೊಳಗೂ ಅವರೇ ಹೋಗಿ ಕೂತರು. ಹೆಣ್ಣನ್ನು ನಾವು ಯಾವ ಯಾವ ಅಚ್ಚಿನಲ್ಲಿ ನೋಡುತ್ತಾ ಬಂದಿದ್ದೇವೆ ಅನ್ನುವುದು ಅಲ್ಲಿಯ ಪ್ರಶ್ನೆ. ಇಲ್ಲಿ ಶಟರ್ ಒತ್ತಿದವರು ಬೇರೆಯವರಾದರೂ ಕೃತಿಯ ಯೋಚನೆ, ವೇಷ, ನಿಲುವು ಪುಷ್ಪಮಾಲಾ ಅವರದು. ಸಮಕಾಲೀನ ಕಲೆಯಲ್ಲಿ ಇದು ತಕರಾರಿನ ವಿಷಯವಲ್ಲ.

ಒಂದು ವೃತ್ತಿಯನ್ನು ಬಿಡಿಸಿ ನೋಡಿದರೆ: ದಯಾನಿತಾ ಸಿಂಗ್

ವೃತ್ತಿ ಹೇಗೆ ಬೆಳೆಯುತ್ತದೆ ಅಂತ ತಿಳಿಯಲು ಒಬ್ಬರ ದಾರಿಯನ್ನು ಪೂರ್ತಿ ನೋಡುವುದು ಒಳ್ಳೆಯದು. ದಯಾನಿತಾ ಸಿಂಗ್ ಅದಕ್ಕೆ ಸರಿಯಾದವರು. 2022ರಲ್ಲಿ ಅವರಿಗೆ ಹ್ಯಾಸೆಲ್‌ಬ್ಲಾಡ್ ಪ್ರಶಸ್ತಿ ಬಂತು. ಸ್ವೀಡನ್‌ನ ಈ ಪ್ರಶಸ್ತಿ ಛಾಯಾಗ್ರಹಣದಲ್ಲಿ ಜಗತ್ತಿನ ಅತಿ ದೊಡ್ಡ ಗೌರವಗಳಲ್ಲಿ ಒಂದು. ಭಾರತೀಯರಿಗೆ ಬಂದದ್ದು ಅದೇ ಮೊದಲು. ಬಹುಮಾನ 20 ಲಕ್ಷ ಸ್ವೀಡಿಷ್ ಕ್ರೋನಾ, ನಮ್ಮ ಲೆಕ್ಕದಲ್ಲಿ ಸುಮಾರು ಒಂದೂವರೆ ಕೋಟಿ ರೂಪಾಯಿ. ಈ ಸುದ್ದಿ ಓದಿದವರಿಗೆ ಕಾಣುವುದು ಕೊನೆಯ ಮೆಟ್ಟಿಲು. ಮೊದಲ ಮೆಟ್ಟಿಲು ಇರುವುದು 1980ರ ದಶಕದ ಅಹಮದಾಬಾದಿನಲ್ಲಿ.

1961ರಲ್ಲಿ ದೆಹಲಿಯಲ್ಲಿ ಹುಟ್ಟಿದ ಅವರು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ, ಅಂದರೆ ಎನ್‌ಐಡಿಗೆ, ವಿದ್ಯಾರ್ಥಿನಿಯಾಗಿ ಸೇರಿದರು. ಕ್ಲಾಸಿನ ಕೆಲಸಕ್ಕೆ ಅಂತ ಜಾಕಿರ್ ಹುಸೇನ್ ಅವರ ತಬಲಾ ಕಛೇರಿಗೆ ಕ್ಯಾಮೆರಾ ಹಿಡಿದು ಹೋದರು. ಆಯೋಜಕರು ತಡೆದರು. ಆದರೆ ಜಾಕಿರ್ ಈ ಹುಡುಗಿಯನ್ನು ಕರೆದು ಅವಕಾಶ ಕೊಟ್ಟರು. ಮುಂದೆ ಹಲವು ಚಳಿಗಾಲ ಅವರು ಸಂಗೀತಗಾರರ ಜತೆ ಊರೂರು ಸುತ್ತಿದರು. ಬಸ್ಸು, ಗ್ರೀನ್ ರೂಂ, ರಿಯಾಜ್, ಮನೆಯವರು ಎಲ್ಲವೂ ಕ್ಯಾಮೆರಾದೊಳಗೆ ಬಂದವು. 1986ರಲ್ಲಿ ಮೊದಲ ಪುಸ್ತಕ ಹೊರಬಂತು. ಗಮನಿಸಿ, ಮೊದಲು ಬಂದದ್ದು ಪ್ರದರ್ಶನವಲ್ಲ, ಪುಸ್ತಕ. ಕಾಲೇಜಿನ ದಿನಗಳಲ್ಲಿ ಕೈಯಿಂದಲೇ ಅಂಟಿಸಿ ಮಾಡಿದ ಅದರ ಮಾದರಿ ಪ್ರತಿಯನ್ನು 2019ರಲ್ಲಿ ಜರ್ಮನಿಯ ಸ್ಟೈಡ್ಲ್ ಪ್ರಕಾಶನ ಇದ್ದ ಹಾಗೇ ಅಚ್ಚು ಹಾಕಿತು.

ಎನ್‌ಐಡಿ ಆದ ಮೇಲೆ ನ್ಯೂಯಾರ್ಕ್‌ನ ಇಂಟರ್‌ನ್ಯಾಷನಲ್ ಸೆಂಟರ್ ಆಫ್ ಫೋಟೋಗ್ರಫಿಯಲ್ಲಿ ಕಲಿಕೆ. ವಾಪಸ್ ಬಂದು ಮಾಡಿದ್ದು ಪತ್ರಿಕಾ ಕೆಲಸ. ಹೊಟ್ಟೆಪಾಡು ನಡೆದದ್ದು ಅದರಿಂದ. ಸುಮಾರು ಹತ್ತು ವರ್ಷ ವಿದೇಶಿ ಪತ್ರಿಕೆಗಳಿಗೆ ಭಾರತದ ಚಿತ್ರ ತೆಗೆದರು. ಆ ಪತ್ರಿಕೆಗಳಿಗೆ ಬೇಕಾಗಿದ್ದ ಭಾರತ ಎಂಥದ್ದು ಅಂತ ನೀವೇ ಊಹಿಸಬಹುದು: ಬಡತನ, ರೋಗ, ಸಂಕಟ. ಅದು ಅವರಿಗೆ ಸಾಕೆನಿಸಿತು. ಮೆಲ್ಲಗೆ ಅದನ್ನು ಬಿಟ್ಟು ತಾವು ಹುಟ್ಟಿ ಬೆಳೆದ ಬಗೆಯ ಮನೆಗಳಿಗೆ ಹೋದರು. ದೊಡ್ಡ ಹಾಲ್, ಸೋಫಾ, ಅಜ್ಜನ ಫೋಟೋ, ಮಗಳ ಪಿಯಾನೋ. ಉಳ್ಳವರ ಮನೆಯೊಳಗಿನ ಈ ಚಿತ್ರಗಳು 2004ರಲ್ಲಿ ಪುಸ್ತಕವಾದವು.

ಪತ್ರಿಕಾ ಕೆಲಸದ ಕಾಲದಲ್ಲೇ, 1989ರಲ್ಲಿ, ದೆಹಲಿಯ ಹಿಜಡಾ ಸಮುದಾಯದ ಮೋನಾ ಅಹ್ಮದ್ ಪರಿಚಯವಾಗಿತ್ತು. ಲಂಡನ್ ಪತ್ರಿಕೆಗೆ ಅಂತ ಫೋಟೋ ತೆಗೆದಾಗಿತ್ತು. ಅದು ಎಲ್ಲಿ ಅಚ್ಚಾಗುತ್ತದೆ ಅಂತ ಗೊತ್ತಾದ ಮೇಲೆ ಮೋನಾ ಬೇಡ ಅಂದರು. ಅಲ್ಲಿ ಅವರ ನೆಂಟರಿದ್ದರು. ದಯಾನಿತಾ ಫಿಲ್ಮನ್ನು ಅವರ ಕೈಗೇ ಕೊಟ್ಟುಬಿಟ್ಟರು. ಒಂದು ಅಸೈನ್‌ಮೆಂಟ್ ಹೋಯಿತು, ಆದರೆ ಮೋನಾ 2017ರಲ್ಲಿ ತೀರಿಕೊಳ್ಳುವವರೆಗೂ ಆ ಸ್ನೇಹ ಉಳಿಯಿತು. ಮೋನಾ ಅವರದೇ ಮಾತುಗಳಿದ್ದ ಪುಸ್ತಕ 2001ರಲ್ಲಿ ಬಂತು. ಈ ವೃತ್ತಿಯಲ್ಲಿ ಅರ್ಜೆಂಟ್ ಅನ್ನುವುದು ಎಷ್ಟು ಕಮ್ಮಿ ಅಂತ ಇದರಿಂದಲೇ ಗೊತ್ತಾಗುತ್ತದೆ.

ಅಲ್ಲಿಂದ ಮುಂದೆ ಅವರ ಪ್ರಶ್ನೆ ಬದಲಾಯಿತು. "ಏನು ತೆಗೆಯಲಿ" ಅನ್ನುವುದಕ್ಕಿಂತ "ತೆಗೆದದ್ದನ್ನು ಜನರ ಮುಂದೆ ಹೇಗೆ ಇಡಲಿ" ಅನ್ನುವುದು ಮುಖ್ಯವಾಯಿತು. 2008ರಲ್ಲಿ ಏಳು ಪುಟ್ಟ ಪುಸ್ತಕಗಳನ್ನು ಒಂದು ಡಬ್ಬದಲ್ಲಿಟ್ಟು ತಂದರು. ಒಂದೊಂದೂ ಮಡಚಿಕೊಂಡು ಬಿಚ್ಚಿಕೊಳ್ಳುವ ಉದ್ದ ಪಟ್ಟಿ, ಬಿಡಿಸಿ ಮೇಜಿನ ಮೇಲೆ ನಿಲ್ಲಿಸಿದರೆ ಅದೇ ಒಂದು ಪ್ರದರ್ಶನ. ಕೋಲ್ಕತ್ತಾದ ಒಂದು ಒಡವೆ ಅಂಗಡಿಯ ಶೋಕೇಸಿನಲ್ಲೂ ಅವು ಕೂತವು. ಆಮೇಲೆ ಮರದ ಮಡಚುವ ತೆರೆಗಳಂಥ ದೊಡ್ಡ ಚೌಕಟ್ಟುಗಳನ್ನು ಮಾಡಿಸಿದರು. ಒಂದೊಂದರಲ್ಲಿ ಹತ್ತಾರು, ಕೆಲವದರಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳು. ಅವನ್ನು ಬೇಕಾದಾಗ ಅದಲುಬದಲು ಮಾಡಬಹುದು. ಇವಕ್ಕೆ ಅವರು ಮ್ಯೂಸಿಯಂ ಅಂತಲೇ ಹೆಸರಿಟ್ಟರು. ನಮ್ಮ ಸರ್ಕಾರಿ ಕಚೇರಿಗಳ ಧೂಳು ಹಿಡಿದ ಕಡತಗಳ ಕೋಣೆಗಳನ್ನು ತೆಗೆದ ಸರಣಿ 2013ರಲ್ಲಿ ಪುಸ್ತಕವಾಯಿತು. ತಾಲೂಕು ಆಫೀಸಿನಲ್ಲಿ ಆರ್‌ಟಿಸಿಗಾಗಿ ಕಾದವರಿಗೆ ಆ ಕೋಣೆಗಳು ಹೊಸದಲ್ಲ, ಅವು ಚಂದ ಅಂತ ಅನಿಸುವುದು ಹೊಸದು. 2017ರಲ್ಲಿ ಒಂಬತ್ತು ಕಿರುಪುಸ್ತಕಗಳ ಇನ್ನೊಂದು ಪೆಟ್ಟಿಗೆ ಬಂತು. ಪ್ಯಾರಿಸ್ ಫೋಟೋ ಮತ್ತು ಅಪರ್ಚರ್ ಪ್ರತಿಷ್ಠಾನ ಅದನ್ನು ಆ ವರ್ಷದ ಅತ್ಯುತ್ತಮ ಫೋಟೋ ಪುಸ್ತಕ ಅಂತ ಆರಿಸಿದವು.

ಮೊದಲ ಪುಸ್ತಕದಿಂದ ಹ್ಯಾಸೆಲ್‌ಬ್ಲಾಡ್‌ವರೆಗೆ 36 ವರ್ಷ. ಮೊದಲು ಕಲಿಕೆ, ಆಮೇಲೆ ಹೊಟ್ಟೆಪಾಡಿನ ಕೆಲಸ, ಅದರ ಪಕ್ಕದಲ್ಲೇ ತನ್ನ ಕೆಲಸ, ಕೊನೆಗೆ ತನ್ನ ಕೆಲಸವೇ ಮುಖ್ಯ. ಎಲ್ಲರ ದಾರಿಯೂ ಇದೇ ಅಂತಲ್ಲ. ಆದರೆ ಈ ಹಂತಗಳು ಹೆಚ್ಚಿನವರ ಬದುಕಿನಲ್ಲಿ ಕಾಣುತ್ತವೆ. 2023ರಲ್ಲಿ ಪ್ರಿಕ್ಸ್ ಪಿಕ್ಟೆ ಅನ್ನುವ ಅಂತರರಾಷ್ಟ್ರೀಯ ಛಾಯಾಗ್ರಹಣ ಪ್ರಶಸ್ತಿ ಪಡೆದ ಛಾಯಾಗ್ರಾಹಕಿ ಗೌರಿ ಗಿಲ್ ಕೂಡ ರಾಜಸ್ಥಾನದ ಮರುಭೂಮಿಯ ಹಳ್ಳಿಗಳಿಗೆ 1999ರಿಂದ ಹೋಗುತ್ತಿದ್ದರು. ಪ್ರಶಸ್ತಿ ಬಂದದ್ದು ಆ ಸರಣಿಗೇ.

ಸಾವಿರ ಕಾಪಿ ತೆಗೆಯಬಹುದಾದ ಫೋಟೋಗೆ ಅಷ್ಟು ಬೆಲೆ ಹೇಗೆ?

ಪೇಂಟಿಂಗ್ ಒಂದೇ ಇರುತ್ತದೆ, ಬೆಲೆ ಅರ್ಥವಾಗುತ್ತದೆ. ಫೋಟೋ ಹಾಗಲ್ಲ. ಫೈಲ್ ಇದ್ದರೆ ಹಂಪನಕಟ್ಟೆಯ ಯಾವ ಲ್ಯಾಬಿನಲ್ಲಾದರೂ ಎಷ್ಟು ಬೇಕಾದರೂ ಪ್ರಿಂಟ್ ಹಾಕಿಸಬಹುದು. ಹಾಗಾದರೆ ಕೊಳ್ಳುವವರು ಏನನ್ನು ಕೊಳ್ಳುತ್ತಾರೆ?

ಉತ್ತರ ಇರುವುದು ಎಡಿಷನ್ ಅನ್ನುವ ಕಟ್ಟುಪಾಡಿನಲ್ಲಿ. ಈ ಅಳತೆಯಲ್ಲಿ ಈ ಚಿತ್ರದ ಪ್ರಿಂಟ್‌ಗಳು ಐದೇ ಇರುತ್ತವೆ, ಆರನೆಯದನ್ನು ಎಂದೂ ಮಾರುವುದಿಲ್ಲ ಅಂತ ಕಲಾವಿದರು ಮೊದಲೇ ಮಾತು ಕೊಡುತ್ತಾರೆ. ಪ್ರತಿ ಪ್ರಿಂಟ್‌ಗೂ ಸಹಿ, ಸಂಖ್ಯೆ, ದೃಢೀಕರಣ ಪತ್ರ. ಸಂಖ್ಯೆ 2/5 ಅಂತಿದ್ದರೆ ಐದರಲ್ಲಿ ಎರಡನೆಯದು ಅಂತ. ಇವಲ್ಲದೆ ಒಂದೆರಡು ಪ್ರತಿಗಳನ್ನು ಕಲಾವಿದರು ತಮಗೇ ಇಟ್ಟುಕೊಳ್ಳುತ್ತಾರೆ, ಅವಕ್ಕೆ ಆರ್ಟಿಸ್ಟ್ ಪ್ರೂಫ್ ಅಂತ ಹೆಸರು. ಮಾತು ತಪ್ಪಿ ಆರನೆಯದನ್ನು ಮಾರಿದರೆ ಮೊದಲ ಐವರು ಕೊಟ್ಟ ದುಡ್ಡಿಗೆ ಅರ್ಥವಿಲ್ಲ. ಆ ಕಲಾವಿದರನ್ನು ಮುಂದೆ ಯಾರೂ ನಂಬುವುದಿಲ್ಲ. ಅಂದರೆ ಕಾಗದದ ಜತೆ ಮಾರಾಟವಾಗುವುದು ಈ ನಂಬಿಕೆ.

ಪ್ರಿಂಟ್ ಕೂಡ ಆಲ್ಬಂನ ಪ್ರಿಂಟ್ ಅಲ್ಲ. ಹತ್ತಿಯ ನಾರಿನ, ಆಮ್ಲವಿಲ್ಲದ ಕಾಗದ. ಬೇಗ ಮಾಸದ ಪಿಗ್ಮೆಂಟ್ ಶಾಯಿ. ಇಲ್ಲವೇ ಹಳೆಯ ಕ್ರಮದಂತೆ ಡಾರ್ಕ್‌ರೂಮಿನಲ್ಲಿ ಬೆಳ್ಳಿಯ ಲವಣ ಲೇಪಿಸಿದ ಕಾಗದ. ಫೋಟೋ ತೆಗೆದ ಕಾಲದಲ್ಲೇ ಹಾಕಿದ ಪ್ರಿಂಟ್‌ಗೆ ವಿಂಟೇಜ್ ಅನ್ನುತ್ತಾರೆ, ಅದಕ್ಕೆ ಬೆಲೆ ಜಾಸ್ತಿ.

ಈಗ ಆ ದೊಡ್ಡ ಅಂಕಿಗಳನ್ನು ನೋಡಬಹುದು. ಆಂಡ್ರಿಯಾಸ್ ಗುರ್ಸ್ಕಿ ಬೆಹರ್ ದಂಪತಿಯ ಶಿಷ್ಯ. ರೈನ್ ನದಿಯನ್ನು ಅವರು 1999ರಲ್ಲಿ ಮಾಡಿದ ಚಿತ್ರದಲ್ಲಿ ಹುಲ್ಲು, ನೀರು, ಬೂದು ಆಕಾಶ ಬಿಟ್ಟರೆ ಏನೂ ಇಲ್ಲ. ಇದ್ದದ್ದನ್ನೂ ಕಂಪ್ಯೂಟರಿನಲ್ಲಿ ಅಳಿಸಿದ್ದರು. ಸುಮಾರು ಮೂರೂವರೆ ಮೀಟರ್ ಅಗಲ. ಇದ್ದದ್ದು ಆರು ಪ್ರತಿಗಳು, ಕೆಲವು ಆಗಲೇ ದೊಡ್ಡ ಮ್ಯೂಸಿಯಂಗಳ ಪಾಲಾಗಿದ್ದವು. ಉಳಿದ ಒಂದು 2011ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ 43 ಲಕ್ಷ ಡಾಲರಿಗೆ ಹೋಯಿತು. ಹರಾಜಾದ ಫೋಟೋಗಳಲ್ಲಿ ಆಗ ಅದೇ ದಾಖಲೆ ಬೆಲೆ. 2022ರಲ್ಲಿ, ಕಲಾವಿದ ಮ್ಯಾನ್ ರೇ 1924ರಲ್ಲಿ ಮಾಡಿದ ಚಿತ್ರವೊಂದರ ಮೂಲ ಪ್ರಿಂಟ್ ಆ ದಾಖಲೆ ಮುರಿಯಿತು. ಹೆಂಗಸಿನ ಬರಿಬೆನ್ನಿನ ಮೇಲೆ ಪಿಟೀಲಿನ ಗುರುತು ಇರುವ ಚಿತ್ರ ಅದು. ಬೆಲೆ 1 ಕೋಟಿ 24 ಲಕ್ಷ ಡಾಲರ್.

ಇಲ್ಲಿ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಹರಾಜಿನಲ್ಲಿ ಮಾರುವವರು ಸಾಮಾನ್ಯವಾಗಿ ಸಂಗ್ರಾಹಕರು, ಕಲಾವಿದರಲ್ಲ. ಲಾಭ ಅವರದು. ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಮರುಮಾರಾಟದ ಹಣದಲ್ಲಿ ಕಲಾವಿದರಿಗೆ ಪಾಲು ಕೊಡುವ ಕಲಮು ಒಂದಿದೆ. ಆದರೆ ಅದು ಹೆಸರಿಸುವುದು ಪೇಂಟಿಂಗ್, ಶಿಲ್ಪ, ರೇಖಾಚಿತ್ರ ಮತ್ತು ಕೈಬರಹದ ಪ್ರತಿಗಳನ್ನು. ಫೋಟೋ ಆ ಪಟ್ಟಿಯಲ್ಲಿಲ್ಲ.

ಹೊಸಬರ ಲೆಕ್ಕ ಹೇಗಿರಬಹುದು? ಸುಮ್ನೆ ಒಂದು ಉದಾಹರಣೆ. ಐದರ ಎಡಿಷನ್. ಮೊದಲನೆಯದು 40 ಸಾವಿರಕ್ಕೆ ಹೋಯಿತು. ಪ್ರತಿಗಳು ಕಮ್ಮಿಯಾದಂತೆ ಬೆಲೆ ಏರಿಸುವುದು ವಾಡಿಕೆ, ಹಾಗಾಗಿ ಮುಂದಿನವು 50, 60, 75 ಸಾವಿರ, ಕೊನೆಯದು ಒಂದು ಲಕ್ಷ. ಒಟ್ಟು 3 ಲಕ್ಷ 25 ಸಾವಿರ. ಗ್ಯಾಲರಿಯ ಪಾಲು ಸಾಮಾನ್ಯವಾಗಿ ಅರ್ಧ. ಉಳಿದದ್ದು 1 ಲಕ್ಷ 62 ಸಾವಿರದ 500. ಅದರಲ್ಲಿ ಪ್ರಿಂಟ್, ಫ್ರೇಮ್, ಸಾಗಾಟ, ತಿರುಗಾಟ ಕಳೆಯಿರಿ. ಐದೂ ಮಾರಾಟವಾಗಲು ಕೆಲವು ವರ್ಷ ಹಿಡಿಯಬಹುದು, ಆಗದೆಯೂ ಇರಬಹುದು.

ಅರ್ಧ ಪಾಲು ಅಂದ ಕೂಡಲೇ "ಏನು ದರೋಡೆ ಮಾರಾಯ್ರೆ" ಅನಿಸುತ್ತದೆ. ಆದರೆ ಬಾಡಿಗೆ, ಗೋಡೆ, ದೀಪ, ಕೊಳ್ಳುವವರ ಪರಿಚಯ, ಆರ್ಟ್ ಫೇರ್‌ನ ಖರ್ಚು, ಮ್ಯೂಸಿಯಂಗಳ ಜತೆ ಮಾತುಕತೆ ಗ್ಯಾಲರಿಯ ಕೆಲಸ. ಒಳ್ಳೆಯ ಗ್ಯಾಲರಿ ಬೆಲೆ ಕುಸಿಯದಂತೆಯೂ ನೋಡಿಕೊಳ್ಳುತ್ತದೆ. ಉಲ್ಟಾ ನಡೆಯುವುದೂ ಇದೆ. "ನಮ್ಮಲ್ಲಿ ಪ್ರದರ್ಶನಕ್ಕೆ ಇಷ್ಟು ಸಾವಿರ ಕಟ್ಟಿ" ಅಂತ ಹೊಸಬರಿಂದಲೇ ಮೊದಲು ದುಡ್ಡು ಕೇಳುವವರಿದ್ದಾರೆ. ಅದು ಹಾಲ್ ಬಾಡಿಗೆಯ ವ್ಯವಹಾರ. ಬಾಡಿಗೆಗೆ ಹಿಡಿದರೆ ಬಾಡಿಗೆ ಅಂತ ತಿಳಿದೇ ಹಿಡಿಯಬೇಕು.

ಹಾಗಾದರೆ ಊಟಕ್ಕೆ?

ಹೆಚ್ಚಿನವರಿಗೆ, ಅದರಲ್ಲೂ ಮೊದಲ ಹತ್ತು ಹದಿನೈದು ವರ್ಷ, ಪ್ರಿಂಟ್ ಮಾರಾಟದಿಂದ ಮನೆ ನಡೆಯುವುದಿಲ್ಲ. ದುಡ್ಡು ಬೇರೆ ಕಡೆಯಿಂದ ಬರುತ್ತದೆ. ಕಾಲೇಜಿನಲ್ಲಿ ಪಾಠ, ಪುಸ್ತಕ-ಪತ್ರಿಕೆಗಳ ಕೆಲಸ, ಕಟ್ಟಡಗಳ ಫೋಟೋ, ಹೌದು, ಮದುವೆ ಕೂಡ. ಸೀಸನ್‌ನಲ್ಲಿ ಮದುವೆ ಮಾಡಿ ಮಳೆಗಾಲದಲ್ಲಿ ಸ್ವಂತ ಸರಣಿಯ ಕೆಲಸ ಮಾಡುವುದು ನಮ್ಮ ಊರಿಗೆ ಚೆನ್ನಾಗಿ ಒಗ್ಗುವ ಕ್ರಮ.

ಇನ್ನೊಂದು ಮೂಲ ಅನುದಾನ ಮತ್ತು ರೆಸಿಡೆನ್ಸಿ. ಇದನ್ನು ನಮ್ಮವರಿಗೆ ಹೇಳಲು ಯಕ್ಷಗಾನ ಸಾಕು. ಡೇರೆ ಮೇಳದಲ್ಲಿ ಟಿಕೆಟ್ ಮಾರಾಟವಾದರೆ ಮೇಳಕ್ಕೆ ಸಂಪಾದನೆ. ಹರಕೆ ಆಟದಲ್ಲಿ ನೋಡುವವರು ಪೈಸೆ ಕೊಡುವುದಿಲ್ಲ. ಆಡಿಸುವವರು ಖರ್ಚು ಹಾಕುತ್ತಾರೆ, ಆಟ ನಡೆದರೆ ಸಾಕು ಅನ್ನುವುದು ಅವರ ಆಸೆ. ಅನುದಾನ ಹರಕೆ ಆಟದ ಹಾಗೆ. ಕೆಲಸ ನಡೆಯಲಿ ಅಂತ ಒಂದು ಸಂಸ್ಥೆ ಖರ್ಚು ಹೊರುತ್ತದೆ, ಚಿತ್ರ ಮಾರಾಟವಾಗಬೇಕು ಅಂತ ಕೇಳುವುದಿಲ್ಲ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1990ರ ದಶಕದಿಂದ ಇಂಥ ಅನುದಾನ ಕೊಡುತ್ತಾ ಬಂದಿದೆ. ಅರ್ಜಿಯನ್ನು ಕನ್ನಡದಲ್ಲೂ ಬರೆಯಬಹುದು. ರೆಸಿಡೆನ್ಸಿ ಅಂದರೆ ಕೆಲವು ವಾರ ಅಥವಾ ತಿಂಗಳು ಇರಲು ಜಾಗ, ಊಟ, ಕೆಲಸಕ್ಕೆ ಅನುಕೂಲ ಕೊಡುವುದು.

ಪ್ರಶಸ್ತಿ ಹಣವನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಒಳ್ಳೆಯದು. ಪ್ರಿಕ್ಸ್ ಪಿಕ್ಟೆ 1 ಲಕ್ಷ ಸ್ವಿಸ್ ಫ್ರಾಂಕ್ ಕೊಡುತ್ತದೆ ನಿಜ, ಆದರೆ ಒಂದು ಸುತ್ತಿಗೆ ಗೆಲ್ಲುವವರು ಒಬ್ಬರೇ.

ಫೋಟೋ ಯಾರದ್ದು?

ಮದುವೆಯನ್ನೂ ಕಲೆಯನ್ನೂ ಒಟ್ಟಿಗೆ ಮಾಡುವವರು ಇದನ್ನು ತಿಳಿದಿರಲೇಬೇಕು. ನೀವು ನಿಮ್ಮ ಇಷ್ಟಕ್ಕೆ ತೆಗೆದ ಫೋಟೋದ ಕಾಪಿರೈಟ್ ನಿಮ್ಮದು. ಆದರೆ ದುಡ್ಡು ಪಡೆದು, ಒಬ್ಬರು ಹೇಳಿದರು ಅಂತ ತೆಗೆದ ಫೋಟೋದ ಮೊದಲ ಒಡೆತನ ಆ ದುಡ್ಡು ಕೊಟ್ಟವರದು. 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಮು ಹಾಗೆ ಹೇಳುತ್ತದೆ. ಬೇರೆ ಒಪ್ಪಂದ ಇದ್ದರೆ ಮಾತ್ರ ಅದು ಬದಲಾಗುತ್ತದೆ. ಮದುಮಗಳ ಚಂದದ ಚಿತ್ರವನ್ನು ಹತ್ತು ವರ್ಷದ ಮೇಲೆ ಸರಣಿಯಲ್ಲಿ ಸೇರಿಸುತ್ತೇನೆ ಅಂದರೆ ಆ ಮನೆಯವರ ಒಪ್ಪಿಗೆ ಬೇಕು. ಬುಕಿಂಗ್ ಫಾರ್ಮಿನಲ್ಲೇ ಒಂದು ಸಾಲು ಹಾಕಿ ಸಹಿ ಮಾಡಿಸಿಕೊಂಡರೆ ಮುಗಿಯಿತು.

ಹಿಂದೆ ಫೋಟೋದ ಹಕ್ಕು ಪ್ರಕಟವಾದ ಮೇಲೆ 60 ವರ್ಷಕ್ಕೆ ಮುಗಿಯುತ್ತಿತ್ತು. 2012ರ ತಿದ್ದುಪಡಿಯ ಮೇಲೆ ಅದು ಬದಲಾಗಿ, ತೆಗೆದವರ ಜೀವಮಾನ ಮತ್ತು ಆಮೇಲಿನ 60 ವರ್ಷ ಅಂತಾಗಿದೆ.

ಕಾನೂನು ಬಿಟ್ಟು ಇನ್ನೊಂದು ಸಂಗತಿ. ಕೋಲ, ನೇಮದಲ್ಲಿ ಕ್ಯಾಮೆರಾ ಎಲ್ಲಿಯವರೆಗೆ ಹೋಗಬಹುದು ಅನ್ನುವ ಮಾತು ಕರಾವಳಿಯಲ್ಲಿ ಜೋರಾಗಿಯೇ ನಡೆಯುತ್ತಿದೆ. ಕೆಲವು ಕಡೆ ಫೋಟೋ, ವಿಡಿಯೋ ಬೇಡ ಅಂತ ಬೋರ್ಡೇ ಇರುತ್ತದೆ. ಅಲ್ಲಿ ಕದ್ದು ತೆಗೆದ ಚಿತ್ರ ಎಷ್ಟೇ ಚೆನ್ನಾಗಿದ್ದರೂ, ಪ್ರದರ್ಶನಕ್ಕೆ ಆರಿಸುವ ಕ್ಯುರೇಟರ್ ಕೇಳುವ ಮೊದಲ ಪ್ರಶ್ನೆ "ಅವರು ಒಪ್ಪಿದ್ದರೇ?" ಅಂತಲೇ ಇರುತ್ತದೆ.

ಇಲ್ಲಿಂದ ಹೊರಡುವವರಿಗೆ

ಓದುವುದಾದರೆ ಎನ್‌ಐಡಿಯ ಗಾಂಧಿನಗರ ಕ್ಯಾಂಪಸ್ಸಿನಲ್ಲಿ ಫೋಟೋಗ್ರಫಿಯ ಸ್ನಾತಕೋತ್ತರ ಕೋರ್ಸ್ ಇದೆ. ಅದಕ್ಕೆ ಮೊದಲು ಯಾವುದಾದರೂ ಡಿಗ್ರಿ ಬೇಕು. ಅಂದರೆ ಪಿಯುಸಿ ಆದ ಕೂಡಲೇ ಮನೆಯಲ್ಲಿ ಯುದ್ಧ ಮಾಡುವ ಅವಸರವಿಲ್ಲ. ಡಿಗ್ರಿಯ ಮೂರು ನಾಲ್ಕು ವರ್ಷದಲ್ಲಿ ಒಂದು ಸರಣಿಯನ್ನು ಶುರುಮಾಡಿ ನೋಡಬಹುದು. ಡಿಗ್ರಿ ಮುಗಿಯುವ ಹೊತ್ತಿಗೂ ಅದೇ ಜಾಗಕ್ಕೆ ಮತ್ತೆ ಹೋಗಬೇಕು ಅನಿಸುತ್ತಿದ್ದರೆ ಮುಂದಿನ ಮಾತು.

ನೋಡುವುದು ಕಲಿಕೆಯ ದೊಡ್ಡ ಪಾಲು. ಮಂಗಳೂರಿನಲ್ಲಿ ಬಲ್ಲಾಳ್‌ಬಾಗ್‌ನ ಪ್ರಸಾದ್ ಆರ್ಟ್ ಗ್ಯಾಲರಿ, ಕೊಡಿಯಾಲ್‌ಗುತ್ತು ಕಲಾಕೇಂದ್ರ ಇವೆ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಕಲೆ ಮತ್ತು ಛಾಯಾಗ್ರಹಣದ ಮ್ಯೂಸಿಯಂ, ಎಲ್ಲರೂ ಮ್ಯಾಪ್ ಅನ್ನುವುದು, 2023ರ ಫೆಬ್ರವರಿಯಲ್ಲಿ ತೆರೆಯಿತು. ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಅಲ್ಲಿ. ಕೊಚ್ಚಿಯ ಬಿನಾಲೆ 2012ರಲ್ಲಿ ಶುರುವಾದದ್ದು, ನಮಗೆ ರೈಲಿನಲ್ಲಿ ಒಂದು ಹಗಲಿನ ದಾರಿ. ಫೋಟೋಗೇ ಮೀಸಲಾದ ಬಿನಾಲೆ ಚೆನ್ನೈನಲ್ಲಿ 2016ರಿಂದ ಇದೆ. ಅದರ 2019ರ ಆವೃತ್ತಿಯ ಕಲಾ ನಿರ್ದೇಶಕಿಯಾಗಿದ್ದವರು ನಮ್ಮ ಪುಷ್ಪಮಾಲಾ. ಮನೆಯಲ್ಲೇ ಕೂತು ನೋಡುವುದಾದರೆ ಬಾಸೆಲ್ ಮಿಷನ್‌ನ ಹಳೆಯ ಫೋಟೋಗಳ ಸಂಗ್ರಹ ಇಂಟರ್‌ನೆಟ್‌ನಲ್ಲಿದೆ. 19ನೇ ಶತಮಾನದ ಮಂಗಳೂರಿನ ಶಾಲೆ, ನೇಯ್ಗೆ, ಹೆಂಚಿನ ಕೆಲಸ ಎಲ್ಲ ಸಿಗುತ್ತವೆ.

ಎಐ ಬಂದ ಮೇಲೆ ಇದೆಲ್ಲ ಯಾಕೆ ಅನ್ನುವವರೂ ಇದ್ದಾರೆ. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್ ಸೋನಿ ವರ್ಲ್ಡ್ ಫೋಟೋಗ್ರಫಿ ಅವಾರ್ಡ್ಸ್‌ನ ಒಂದು ವಿಭಾಗದಲ್ಲಿ ಗೆದ್ದು, ಇದು ಎಐ ಮಾಡಿದ ಚಿತ್ರ ಅಂತ ಹೇಳಿ ಪ್ರಶಸ್ತಿ ಬೇಡ ಅಂದರು. ಒಂದು ಬಿಡಿಚಿತ್ರ ನಿಜವೋ ಅಲ್ಲವೋ ಅಂತ ಕಣ್ಣಿನಿಂದ ಹೇಳುವುದು ಇನ್ನು ಕಷ್ಟವೇ. ಹತ್ತು ವರ್ಷದ ಸರಣಿಗೆ ನೆಗೆಟಿವ್, ಮೂಲ ಫೈಲ್, ಡೈರಿ, ಚಿತ್ರದಲ್ಲಿರುವ ಜನ ಅಂತ ಸಾಕ್ಷಿಗಳಿರುತ್ತವೆ. ಹಾಗಾಗಿ ಪ್ರತಿ ಚಿತ್ರಕ್ಕೂ ದಿನ, ಜಾಗ, ಹೆಸರು, ಒಪ್ಪಿಗೆ ಬರೆದಿಡುವ ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡಿಕೊಳ್ಳಬೇಕು.

ಕೊನೆಯದಾಗಿ ನಮ್ಮ ಹವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿಯ ತೇವಕ್ಕೆ ಲೆನ್ಸಿನೊಳಗೆ ಫಂಗಸ್ ಬರುತ್ತದೆ, ಪ್ರಿಂಟ್ ಅಲೆಯಾಗುತ್ತದೆ, ನೆಗೆಟಿವ್ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಡ್ರೈ ಕ್ಯಾಬಿನೆಟ್ ಕೊಳ್ಳಲು ಆಗದಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಜತೆಗೆ ತೇವ ತೋರಿಸುವ ಸಣ್ಣ ಮೀಟರ್ ಇಡಿ. ಮುಳ್ಳು ಶೇಕಡಾ 40ರಿಂದ 50ರ ನಡುವೆ ನಿಂತಿರಬೇಕು. 60 ದಾಟಿದರೆ ಸಿಲಿಕಾ ಜೆಲ್ಲನ್ನು ಬಿಸಿ ಮಾಡಿ ಒಣಗಿಸಿ ಮತ್ತೆ ಒಳಗಿಡಿ.